ಎಂಜಿನ್ ಬೀರಪ್ಪನೂ ತಿಕೋಟಾದ ಕಣವೂ

ಸರಕಾರ ನನಗೆ ಕೊಟ್ಟ ಹುದ್ದೆಯ ಹೆಸರು ಬಾಯಿ ತುಂಬುವಂಥದ್ದು: ಕೈಗಾರಿಕಾ ವಿಸ್ತರಣಾಧಿಕಾರಿ. ತಿಕೋಟಾದ ಜನ ಅದನ್ನು ಮೊದಲ ವಾರದಲ್ಲೇ ಮೊಟಕು ಮಾಡಿ ‘ಉದ್ಯೋಗ ಮಾಸ್ತರ’ ಎಂದು ಕರೆದರು. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಕೈಗೆಲಸವಂತೂ ಕೇಳಲೇಬೇಡಿ, ಗೋಡೆಗೆ ಮೊಳೆ ಹೊಡೆಯಲು ಹೋದರೆ ಪೆಟ್ಟು ಮೊದಲು ನನ್ನ ಬೆರಳಿಗೇ ಬೀಳುತ್ತಿತ್ತು. ಆದರೂ ಆ ಹೆಸರೇ ನಿಂತಿತು. ನಿವೃತ್ತನಾಗಿ ಇಷ್ಟು ವರ್ಷವಾದರೂ ಬಸ್ ನಿಲ್ದಾಣದಲ್ಲಿ ಯಾರಾದರೂ ಹಿಂದಿನಿಂದ "ಮಾಸ್ತರ್ರ, ಆರಾಮದೀರೇನ್ರಿ?" ಎಂದು ಕೂಗಿದರೆ ನಾನು ತಿರುಗಿ ನೋಡುತ್ತೇನೆ.

ಮೊನ್ನೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನಾಲ್ಕಾರು ಜನ ಮನೆಗೆ ಬಂದಿದ್ದರು. "ಸರ್, ನಿಮ್ಮ ಕಾಲದಾಗ ಕೆಲಸಾ ಹೆಂಗಿತ್ತರಿ?" ಎಂದು ಕೇಳಿದರು. ನಾನು ಶುರು ಹಚ್ಚಿಕೊಂಡೆ. ಅವರ ಚಹಾ ಆರಿತು, ಬಸ್ಸೂ ತಪ್ಪಿತು. ಉಳಿದದ್ದನ್ನು ಬರೆದು ಕೊಡುತ್ತೇನೆಂದು ಮಾತು ಕೊಟ್ಟು ಕಳಿಸಿದೆ. ಯಾವ ವರ್ಷ ಬಡ್ತಿ ಬಂತು, ಯಾವ ವರ್ಷ ತಪ್ಪಿತು ಎಂಬುದನ್ನು ಇಲ್ಲಿ ಬಿಟ್ಟಿದ್ದೇನೆ. ಅದು ನನ್ನ ಹೆಂಡತಿಗೆ ನೆನಪಿದೆ, ಅಷ್ಟು ಸಾಕು.

ನಾನು ಸೇರಿದ್ದು ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ವಿಜಾಪುರವು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಕಚೇರಿಯ ಹಳೆಯ ಕಾಗದಗಳು ಮರಾಠಿಯಲ್ಲಿ, ಹೊಸ ಆದೇಶಗಳು ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ನನ್ನ ಪಾಲಿಗೆ ಬಂದದ್ದು ತಿಕೋಟಾ, ಬಬಲೇಶ್ವರ ಮತ್ತು ಅವುಗಳ ಸುತ್ತಲಿನ ಹಳ್ಳಿಗಳು. ಖಾಯಂ ದುಡಿಮೆ ಇಲ್ಲದೆ ದಿನಗೂಲಿಗೆ ಅಲೆಯುವ ತರುಣರಿಗೆ ಒಂದು ಕಸುಬು ಕಲಿಸಬೇಕು, ಸಲಕರಣೆ ಕೊಡಿಸಬೇಕು, ಸ್ವಂತ ಕಾಲ ಮೇಲೆ ನಿಲ್ಲಿಸಬೇಕು. ಕೆಲಸ ಇಷ್ಟೇ. ಕಾಗದದ ಮೇಲೆ ಓದಿದಾಗ ಒಂದು ತಿಂಗಳಲ್ಲಿ ಮುಗಿದುಹೋಗುವಂತೆ ಕಾಣುತ್ತಿತ್ತು.

ಮೊದಲ ಪೆಟ್ಟು ಬಬಲೇಶ್ವರದಲ್ಲಿ ಬಿತ್ತು. ಮೇಲಿನಿಂದ ಆದೇಶ ಬಂತು: ಸಾಬೂನು ತಯಾರಿಕೆ ಕಲಿಸಿ. ಊರಿಗೆ ಸಾಬೂನು ಬೇಕೇ ಎಂದು ಆದೇಶ ಬರೆದವರು ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಹೊಲಗೆಲಸ ಇಲ್ಲದ ದಿನಗಳಲ್ಲಿ ಖಾಲಿ ಕೂರುತ್ತಿದ್ದ ತರುಣರನ್ನು ಸೇರಿಸಿ, ಬೇವಿನೆಣ್ಣೆ ತರಿಸಿ, ದೊಡ್ಡ ಕಡಾಯಿ ಇಟ್ಟು ಕಲಿಸಿದೆವು. ಹುಡುಗರು ಶ್ರದ್ಧೆಯಿಂದಲೇ ಕಲಿತರು. ಸಾಬೂನು ಬಟ್ಟೆಯನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತಿತ್ತು. ಎರಡನೆಯ ಸಲ ಒಗೆಯಲು ಬಟ್ಟೆಯೇ ಉಳಿಯುತ್ತಿರಲಿಲ್ಲ. ಒಬ್ಬ ಮುದುಕಿ ಸಂತೆಯ ನಡುವೆ ನನ್ನನ್ನು ಹಿಡಿದು ನಿಲ್ಲಿಸಿ, ತೂತುಬಿದ್ದ ಧೋತರವನ್ನು ಎತ್ತಿ ತೋರಿಸಿದಳು. "ಮಾಸ್ತರ್ರ, ನಿಮ್ಮ ಸಾಬಾಣ ಹೊಲಸೂ ತಿಂದೈತಿ, ಧೋತರಾನೂ ತಿಂದೈತಿ. ಇನ್ನ ನಮ್ಮ ಯಜಮಾನ್ರು ಏನ ಉಟಗೋಬೇಕು ನೀವ ಹೇಳ್ರಿ!" ಸಂತೆಗೆ ಸಂತೆಯೇ ನಕ್ಕಿತು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಮಾತ್ರ ನಗು ಬರಲಿಲ್ಲ, ಏಕೆಂದರೆ ಆ ಹುಡುಗರೆಲ್ಲ ಮರುದಿನ ಮತ್ತೆ ಕೂಲಿ ಹುಡುಕಿಕೊಂಡು ಹೊರಟರು.

ಅಂದಿನಿಂದ ನಾನು ಆದೇಶದಲ್ಲಿ ಏನಿದೆ ಎಂದು ನೋಡುವ ಮೊದಲು ಊರಲ್ಲಿ ಏನಿದೆ ಎಂದು ನೋಡತೊಡಗಿದೆ. ಆ ವರ್ಷಗಳಲ್ಲಿ ತಿಕೋಟಾದ ಕಡೆ ಬಾವಿಗಳ ಮೇಲೆ ಎಣ್ಣೆಯ ಎಂಜಿನ್ನುಗಳು ಬರತೊಡಗಿದ್ದವು. ಅಲ್ಲಿಯವರೆಗೆ ಎತ್ತು ಹೂಡಿ ತೊಗಲಿನ ಕಪಿಲೆಯಿಂದ ನೀರೆತ್ತುತ್ತಿದ್ದ ರೈತರು ಎಂಜಿನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಚಾಲೂ ಮಾಡುತ್ತಿದ್ದರು. ಅದು ಕೆಟ್ಟು ನಿಂತ ದಿನ ಮನೆಯವರೆಲ್ಲ ಅದರ ಸುತ್ತ ಕಾಯಿಲೆ ಬಿದ್ದವರ ಸುತ್ತ ಕೂರುವಂತೆ ಕೂರುತ್ತಿದ್ದರು. ರಿಪೇರಿ ಮಾಡುವವನು ವಿಜಾಪುರದಿಂದ ಬರಬೇಕು. ಅವನು ತನಗೆ ಪುರಸೊತ್ತಾದಾಗ ಬರುತ್ತಿದ್ದ. ಅಷ್ಟರಲ್ಲಿ ಬೆಳೆ ಬಾಡುತ್ತಿತ್ತು. ನನಗೆ ಬೇಕಾದ ಕಸುಬು ಇದೇ ಎನ್ನಿಸಿತು. ಇನ್ನು ಅದಕ್ಕೆ ತಕ್ಕ ಮನುಷ್ಯ ಬೇಕಿತ್ತು.

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಒಂದು ಬೇವಿನ ಮರದ ಕೆಳಗೆ ಬೆಳಗ್ಗೆ ಕೂಲಿ ಹುಡುಗರು ಸೇರುತ್ತಿದ್ದರು. ಇವತ್ತು ಅರಳೆ ಗಿರಣಿಯಲ್ಲಿ ಗಂಟು ಹೊರುವುದು, ನಾಳೆ ಬಾವಿ ತೋಡುವುದು, ನಾಡಿದ್ದು ಯಾರೂ ಕರೆಯದಿದ್ದರೆ ಮರದ ಎಲೆ ಎಣಿಸುವುದು. ಎದುರಿಗೇ ಒಂದು ಎಂಜಿನ್ ರಿಪೇರಿಯ ವರ್ಕ್‌ಶಾಪು. ಅದರ ಮಾಲೀಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಹುಡುಗರೆಲ್ಲ ರಸ್ತೆಗೆ ಮುಖ ಮಾಡಿ ಕರೆಯುವವರಿಗಾಗಿ ಕಾಯುತ್ತಿದ್ದರೆ, ಒಬ್ಬ ಮಾತ್ರ ವರ್ಕ್‌ಶಾಪಿನ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಉದ್ದನೆಯ, ಮಾತು ಕಡಿಮೆಯ ತರುಣ. ಬಿಜ್ಜರಗಿಯ ಬೀರಪ್ಪ.

"ಏನ ನೋಡಾಕತ್ತಿಯೋ?" ಎಂದು ಕೇಳಿದೆ.

"ಇಂಜನ್ ನೋಡಾಕತ್ತೇನ್ರಿ."

"ಕೂಲಿಗೆ ಕರಿಯಾಕ ಬಂದವ್ರು ನಿನ್ನ ಬಿಟ್ಟ ಹೋಗ್ತಾರಲ್ಲೋ."

"ಹೋಗ್ಲಿ ಬಿಡ್ರಿ. ಅವ್ರು ನಾಳೀನೂ ಬರ್ತಾರ. ಈ ಇಂಜನ್ ಇವತ್ತ ಬಿಚ್ಚ್ಯಾರ."

ಅವನ ಮನೆಯವರು ಕುರಿ ಕಾಯುವವರು. ತಂದೆ ತೀರಿಕೊಂಡ ಮೇಲೆ ಹಿಂಡು ಅಣ್ಣಂದಿರ ಪಾಲಾಗಿತ್ತು. ಬೀರಪ್ಪನ ಪಾಲಿಗೆ ತಾಯಿ ಲಗಮವ್ವ ಮತ್ತು ದಿನಕ್ಕೊಂದು ಕೆಲಸ. ನಾನು ಉಸ್ತಾದರ ಕಾಲು ಹಿಡಿಯುವುದೊಂದು ಬಿಟ್ಟು ಮಿಕ್ಕೆಲ್ಲ ಮಾಡಿ ಅವನನ್ನು ಅಲ್ಲಿ ಕಲಿಯಲು ಸೇರಿಸಿದೆ. ಕಲಿಯುವ ಕಾಲದಲ್ಲಿ ಕೊಡುವ ಸರಕಾರಿ ವೇತನ ಅವನಿಗೆ ಸಿಗುವಂತೆ ಮಾಡಿದವರು ನಮ್ಮ ದೊಡ್ಡ ಸಾಹೇಬರು. ಅವರು ಮೈಸೂರು ಕಡೆಯವರು. ಮಾತು ಮೃದು, ಇಸ್ತ್ರಿ ಗಟ್ಟಿ. ನಮ್ಮ ಬಿಸಿಲಿನಲ್ಲೂ ಕೋಟು ತೆಗೆಯುತ್ತಿರಲಿಲ್ಲ.

ಒಂದು ದಿನ ವರ್ಕ್‌ಶಾಪಿಗೆ ಹೋದಾಗ ಉಸ್ತಾದರು ಹೊಟ್ಟೆ ಹಿಡಿದು ನಗುತ್ತಿದ್ದರು. "ಮಾಸ್ತರ್ ಸಾಬ್, ನಿಮ್ಮ ಹುಡುಗನ್ನ ನೋಡ್ರಿ. ನಟ್ ಎಣಸಾಕ ಹಚ್ಚಿದ್ರ ಲಾಭ, ಎರಡು, ಮೂರು ಅಂತಾನ. ಇದೇನ ಜ್ವಾಳದ ರಾಶಿ ಏನ್ರಿ?"

ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಬೀರಪ್ಪನಿಗೆ ಎಣಿಕೆ ಎಂದರೆ ಅದೇ. ಅವನು ನಾಚಿಕೊಂಡು, "ಬಾಯಿಗಿ ಅದ ಬರ್ತೈತ್ರಿ" ಎಂದ. ಆದರೆ ಅದೇ ಉಸ್ತಾದರು ನನ್ನನ್ನು ಹೊರಗೆ ಕರೆದು, "ಇಂವ ಕುರಿ ಕೆಮ್ಮಿದ್ರ ಕೇಳತಾರಲ್ಲ, ಹಂಗ ಇಂಜನ್ ಕೇಳತಾನ್ರಿ. ಇಲ್ಲೇ ಇರಲಿ, ನನ್ನ ಕಡೇನ" ಎಂದರು. ಬೀರಪ್ಪ ಒಪ್ಪಲಿಲ್ಲ. ಅವನಿಗೆ ತನ್ನದೇ ಅಂಗಡಿ ಬೇಕಿತ್ತು, ಅದೂ ತಿಕೋಟಾದಲ್ಲಿ, ತಾಯಿ ಇರುವ ಬಿಜ್ಜರಗಿಗೆ ಹತ್ತಿರ.

ದೀಪಾವಳಿ ಆದ ಮೇಲೆ ತಿಕೋಟಾದ ಬಸ್ ನಿಲ್ಲುವ ಜಾಗದ ಹತ್ತಿರ ತಗಡಿನ ಶೆಡ್ಡು ಎದ್ದಿತು. ದೊಡ್ಡ ಸಾಹೇಬರು ಟೇಪು ಕತ್ತರಿಸಿ ಭಾಷಣ ಮಾಡಿದರು. ಅವರ ಭಾಷಣದ ಮುಖ್ಯ ವಿಷಯ ಆಯ. ಹೊಸಬರಿಗಾಗಿ ಇದನ್ನು ವಿವರಿಸಬೇಕು. ಆಗ ಊರಿನ ಕಂಬಾರ, ಬಡಿಗ ಮುಂತಾದವರಿಗೆ ಕೆಲಸ ಮಾಡಿದಾಗ ಹಣ ಕೊಡುವ ರೂಢಿ ಇರಲಿಲ್ಲ. ವರ್ಷವಿಡೀ ಅವರು ರೈತನ ಕೆಲಸ ಮಾಡಿಕೊಡಬೇಕು. ಸುಗ್ಗಿಯಲ್ಲಿ ರೈತ ಅವರನ್ನು ಕಣಕ್ಕೆ ಕರೆದು ಕಾಳು ಕೊಡಬೇಕು. ಆ ಕಾಳೇ ಆಯ, ಪಡೆಯುವವನು ಆಯಗಾರ. ದೊಡ್ಡ ಸಾಹೇಬರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಈ ತರುಣ ಯಾರ ಆಯಗಾರನೂ ಅಲ್ಲ. ಇವನು ಯಾರ ಕಣದ ಮುಂದೂ ನಿಲ್ಲಬೇಕಾಗಿಲ್ಲ. ಕೆಲಸಕ್ಕೆ ತಕ್ಕ ನಗದು ಪಡೆಯುವ ಸ್ವತಂತ್ರ ಮನುಷ್ಯ!" ಎಂದು ಕೈ ಎತ್ತಿದರು. ಜನ ಚಪ್ಪಾಳೆ ತಟ್ಟಿದರು. ಸಾಹೇಬರ ಮೈಸೂರು ಕನ್ನಡದಲ್ಲಿ ಅರ್ಧ ಅವರಿಗೆ ತಿಳಿದಿರಲಿಲ್ಲ. ಬೀರಪ್ಪನಿಗೆ ಮಾತ್ರ ಎಲ್ಲವೂ ತಿಳಿದಿತ್ತು. ಆಗ ಅವನ ಮುಖದಲ್ಲಿ ಬಂದ ಬೆಳಕನ್ನು ನಾನು ಸಂತೋಷ ಎಂದುಕೊಂಡೆ. ಅದರೊಳಗೆ ಇನ್ನೇನಿತ್ತು ಎಂದು ಗೊತ್ತಾಗಲು ಸುಗ್ಗಿ ಬರಬೇಕಾಯಿತು.

ಚಳಿಗಾಲ ಚೆನ್ನಾಗಿ ಹೋಯಿತು. ಊರಿನ ದೊಡ್ಡ ರೈತ ಸಂಗನಗೌಡರ ಎಂಜಿನ್ನು ಗೋದಿ ಹಾಲುಗಾಳಾಗುವ ಹೊತ್ತಿನಲ್ಲಿ ಕೆಟ್ಟು ನಿಂತಿತು. ನೀರು ತಪ್ಪಿದರೆ ಬೆಳೆ ಹೋದಂತೆಯೇ. ಬೀರಪ್ಪ ಬಾವಿಯ ಕಟ್ಟೆಯ ಮೇಲೇ ಅದನ್ನು ಪೂರ್ತಿ ಬಿಚ್ಚಿ, ಸಂಜೆಯೊಳಗೆ ನೀರು ಹರಿಸಿದ. ಅವನ ಹೆಸರು ಅಂದಿನಿಂದ ಎಂಜಿನ್ ಬೀರಪ್ಪ. ಗೌಡರು ಬೆನ್ನು ಚಪ್ಪರಿಸಿ, "ಕಣಕ್ಕ ಬಾರಲೇ, ಮರೀಬ್ಯಾಡ" ಎಂದರು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಅದರಲ್ಲಿ ಯೋಚಿಸುವಂಥದ್ದೇನಾದರೂ ಇದೆ ಎನ್ನಿಸಲಿಲ್ಲ.

ಜೋಳದ ರಾಶಿ ಮುಗಿಯುವ ಹೊತ್ತಿಗೆ ಅಂಗಡಿಗೆ ಎಂಜಿನ್ನುಗಳು ಬರುವುದು ನಿಂತಿತು. ಮೊದಲು ಸುಗ್ಗಿಯ ಗಡಿಬಿಡಿ ಎಂದುಕೊಂಡೆವು. ಆಮೇಲೆ ನೋಡಿದರೆ ಕೆಟ್ಟ ಎಂಜಿನ್ನಿನ ಭಾಗಗಳು ಬೀರಪ್ಪನ ಅಂಗಡಿಯ ಮುಂದೆಯೇ ಬಸ್ಸು ಹತ್ತಿ ವಿಜಾಪುರಕ್ಕೆ ಹೋಗುತ್ತಿದ್ದವು. ರೈತರನ್ನು ಕೇಳಿದರೆ ಎಲ್ಲರ ಬಾಯಲ್ಲೂ ಜೇನು. "ಮಾಡಸೂಣು ತಗೋರಿ ಮಾಸ್ತರ್ರ, ನಮ್ಮ ಹುಡುಗನ ಅದಾನ." ಯಾರೂ ಮಾಡಿಸಲಿಲ್ಲ.

ನನ್ನ ಅನುಮಾನ ಹೋದದ್ದು ಕಂಬಾರ ಕಾಳಪ್ಪನ ಮೇಲೆ. ಊರಿನ ಕಬ್ಬಿಣದ ಕೆಲಸವೆಲ್ಲ ತಲೆಮಾರುಗಳಿಂದ ಅವನ ಮನೆಯದು. ಹೊಸ ಹುಡುಗ ಬಂದು ಅಂಗಡಿ ಹಾಕಿದರೆ ಮುದುಕನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ ಎಂದು ಲೆಕ್ಕ ಹಾಕಿ, ಒಂದು ಮಧ್ಯಾಹ್ನ ಜಗಳಕ್ಕೆ ಸಿದ್ಧನಾಗಿಯೇ ಅವನ ಕುಲುಮೆಗೆ ಹೋದೆ. ಕಾಳಪ್ಪ ನೇಗಿಲಿನ ಕುಡ ಬಡಿಯುತ್ತಿದ್ದ. ನನ್ನ ಮಾತು ಪೂರ್ತಿ ಕೇಳಿ, ಸುತ್ತಿಗೆ ಕೆಳಗಿಟ್ಟ.

"ನಾ ಯಾಕ ಅವನ ಹೊಟ್ಟಿ ಮ್ಯಾಲ ಹೊಡೀಲ್ರಿ? ಇಂಜನ್ನಿನ ಒಂದು ಸಳಿ ಬಾಗಿದ್ರ ನನ್ನ ಕಡೇನ ತರ್ತಾನ. ಹಿರಿಯಾ ಅಂತ ಮರ್ಯಾದಿ ಕೊಡ್ತಾನ. ಆದ್ರ ಅಂವ ಮಾಡಬಾರದ್ದು ಮಾಡ್ಯಾನ್ರಿ."

"ಏನ ಮಾಡ್ಯಾನ?"

"ಗೌಡ್ರು ಕಣಕ್ಕ ಕರದು ಬುಟ್ಟಿ ತುಂಬಿ ಜ್ವಾಳ ಕೊಟ್ಟಾರ. ಇಂವ ಎಲ್ಲಾರ ಮುಂದ, ಕಾಳ ಒಲ್ಲೆರಿ, ನಾ ಆಯಗಾರ ಅಲ್ಲ ಅಂದು ತಿರುಗಿ ಬಂದಾನ. ರಾಶಿ ಮುಂದ ನಿಂತು ಒಲ್ಲೆ ಅನ್ನೂದಂದ್ರ ಏನ್ರಿ ಮಾಸ್ತರ್ರ? ವೈರಿ ಸುದ್ದಾ ಹಂಗ ಅನ್ನಂಗಿಲ್ಲ. ಗೌಡ್ರು ಯಾರಿಗೂ ಏನೂ ಹೇಳಿಲ್ಲ. ಹೇಳೂದೇನ ಬೇಕು, ಎಲ್ಲಾರೂ ಕಣದಾಗ ಇದ್ರು."

ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ದೊಡ್ಡ ಸಾಹೇಬರ ಭಾಷಣವನ್ನು ಇಡೀ ಊರಿನಲ್ಲಿ ಒಬ್ಬನೇ ಒಬ್ಬ ಮನಸ್ಸಿಟ್ಟು ಕೇಳಿದ್ದ, ಅದರ ಫಲ ಇದು! ಕಣದ ಕಾಳು ಕೂಲಿ ಎಂದು ನಾವು ತಿಳಿದಿದ್ದೆವು. ಊರಿಗೆ ಅದು, ‘ನೀನು ನಮ್ಮವನು’ ಎಂದು ಹೇಳುವ ರೀತಿಯಾಗಿತ್ತು.

ಅಂಗಡಿಗೆ ಹೋದರೆ ಬೀಗ. ವಿಚಾರಿಸಿದಾಗ, ಬೀರಪ್ಪ ಹೊನವಾಡದ ದಾರಿಯಲ್ಲಿ ಬಾವಿ ತೋಡುವ ತಂಡ ಸೇರಿದ್ದಾನೆ ಎಂದರು. ಆ ಕೆಲಸವನ್ನು ನಾನು ಕೀಳು ಎನ್ನುವುದಿಲ್ಲ. ಆದರೆ ಒಮ್ಮೆ ಕಸುಬು ಕಲಿತವನು ಮತ್ತೆ ಅಲ್ಲಿಗೆ ಮರಳಿದರೆ ಎರಡನೆಯ ಸಲ ಹೊರಬರುವುದಿಲ್ಲ; ಅಂಥವರನ್ನು ನಾನು ಬೇವಿನ ಮರದ ಕೆಳಗೆ ನೋಡಿದ್ದೆ.

ಸುದ್ದಿ ಕೇಳಿ ದೊಡ್ಡ ಸಾಹೇಬರಿಗೂ ಬೇಸರವಾಯಿತು. ಮನುಷ್ಯ ಒಳ್ಳೆಯವರು. "ನಮ್ಮ ಕಚೇರೀಲೇ ಜವಾನನ ಜಾಗ ಖಾಲಿ ಇದೆಯಲ್ರೀ. ಹುಡುಗನ್ನ ಹಾಕಿಬಿಡೋಣ. ಖಾಯಂ ನೌಕರಿ, ಅವನ ತಾಯಿ ನೆಮ್ಮದಿಯಾಗಿರ್ತಾಳೆ" ಎಂದರು. ನಿಜ ಹೇಳುತ್ತೇನೆ, ನನಗೂ ಅದೇ ಸರಿ ಎನ್ನಿಸಿತು. ನೌಕರಿ ಎಂದರೆ ಆಗ ದೇವರು ಕಣ್ಣು ಬಿಟ್ಟಂತೆ. ನಾನೇ ನೌಕರಿಯ ಮನೆತನದಲ್ಲಿ ಹುಟ್ಟಿದವನು.

ಸೈಕಲ್ ತುಳಿದುಕೊಂಡು ಬಾವಿಯ ಹತ್ತಿರ ಹೋದೆ. ಬೀರಪ್ಪ ಮೇಲೆ ಬಂದ. ಮೈಯೆಲ್ಲ ಕಲ್ಲಿನ ಪುಡಿ. ನೌಕರಿಯ ಮಾತು ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಜವಾನ ಅಂದ್ರ ಬಾಗಲದಾಗ ನಿಂದರಬೇಕಲ್ರಿ?"

"ನಿಂದರಬೇಕು. ಅದ್ರಾಗ ಏನ ತಪ್ಪ ಐತಿ?"

"ತಪ್ಪ ಏನೂ ಇಲ್ರಿ ಮಾಸ್ತರ್ರ. ನಮ್ಮಪ್ಪ ಕಣದ ಅಂಚಿಗೆ ನಿಂತಾ. ನಾ ಕಚೇರಿ ಬಾಗಲಕ್ಕ ನಿಂದರಲೇನು?"

ಆಗ ಹೇಳಿದ. ಅವನ ಅಪ್ಪ ಬಿತ್ತನೆಗೆ ಮುಂಚೆ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಿದ್ದ. ಅದರ ಕಾಳಿಗೆ ಕಣಕ್ಕೆ ಹೋಗಬೇಕು. ಸಣ್ಣವನಾಗಿದ್ದ ಬೀರಪ್ಪನೂ ಜೊತೆಗೆ ಹೋಗುತ್ತಿದ್ದ. ಅಪ್ಪ ಕಣದೊಳಗೆ ಕಾಲಿಡದೆ, ಅಂಚಿನಲ್ಲಿ ಕಂಬಳಿಯ ಸೆರಗು ಚಾಚಿಕೊಂಡು ನಿಂತಿರುತ್ತಿದ್ದ. ಊರವರೆಲ್ಲ ತೆಗೆದುಕೊಂಡು ಹೋದ ಮೇಲೆ, ಕರೆದರೆ ಉಂಟು, ಇಲ್ಲದಿದ್ದರೆ ನಾಳೆ. ಬಿಸಿಲಲ್ಲಿ ನಿಂತೂ ನಿಂತೂ ಅಪ್ಪನ ಕಾಲು ನಡುಗುತ್ತಿದ್ದುದನ್ನು ಇವನು ಕೆಳಗೆ ಕೂತು ನೋಡುತ್ತಿದ್ದ.

"ಗೌಡ್ರ ಕಣಾನೂ ಅದ್ರಾಗ ಒಂದ್ರಿ. ಗೌಡ್ರಿಗಿ ನೆನಪಿರಾಕಿಲ್ಲ. ಬುಟ್ಟಿ ಹಿಡದು ಬಾರಲೇ ಅಂದ ಕೂಡ್ಲೇ ನನಗ ಅಪ್ಪನ ಕಾಲ ಕಂಡೂವು. ಬಾಯಾಗ ಏನ ಬಂತೋ ಅಂದ್ಬಿಟ್ನಿ."

ಊರು ಮರ್ಯಾದೆ ಎಂದು ಕೊಟ್ಟದ್ದನ್ನು ಇವನು ಅವಮಾನ ಎಂದು ತಿಳಿದ. ಇವನು ಮರ್ಯಾದೆ ಎಂದು ನಿರಾಕರಿಸಿದ್ದನ್ನು ಊರು ಅವಮಾನ ಎಂದು ತಿಳಿಯಿತು. ಇಬ್ಬರಲ್ಲಿ ಯಾರನ್ನು ತಪ್ಪು ಎನ್ನಲಿ? ಸೈಕಲ್ ತಿರುಗಿಸಿದೆ.

ಮರಳಿ ಕಾಳಪ್ಪನ ಕುಲುಮೆಗೇ ಹೋದೆ, ಈ ಸಲ ಜಗಳಕ್ಕಲ್ಲ. ಎಲ್ಲ ಕೇಳಿದ ಮೇಲೆ ಮುದುಕ ತಿದಿ ಬಿಟ್ಟು ಎದ್ದ.

"ಅಂಚಿಗೆ ನಿಂದರೂದು ಹೊರಗಿನಾವ್ರಿ. ಕಸುಬದಾವ ಯಾವಾಗ ಅಂಚಿಗೆ ನಿಂತಾನ? ನಾ ಬರೂತನಕ ಗೌಡ್ರು ರಾಶಿಗಿ ಕೈ ಹಚ್ಚಂಗಿಲ್ಲ. ಇದನ್ನ ಆ ಹುಡುಗಗ ಯಾರೂ ಹೇಳೇ ಇಲ್ಲಲ್ರಿ! ಗೋದಿ ರಾಶಿ ಇನ್ನೂ ಉಳದೈತಿ. ಕರಕೊಂಡ ಬರ್ರಿ, ನನ್ನ ಜೋಡಿ ಬರ್ಲಿ."

ಬೀರಪ್ಪನನ್ನು ಒಪ್ಪಿಸಲು ಕಾಳಪ್ಪನೇ ಬಾವಿಯ ತನಕ ಬಂದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ; ಇಬ್ಬರೂ ದೂರ ಹೋಗಿ ಕಲ್ಲಿನ ಗುಡ್ಡೆಯ ಮೇಲೆ ಕೂತು ಮಾತಾಡಿದರು. ಎದ್ದು ಬಂದಾಗ ಬೀರಪ್ಪ, "ಬರ್ತೇನ್ರಿ. ಆದ್ರ ಸೆರಗ ಒಡ್ಡಂಗಿಲ್ಲ" ಎಂದ. "ಯಾರ ಒಡ್ಡ ಅಂದಾರಲೇ ನಿನಗ?" ಎಂದು ಕಾಳಪ್ಪ ಗದರಿಸಿದ.

ಗೌಡರ ಕಣ ಸಾರಿಸಿ ಹಸನು ಮಾಡಿತ್ತು. ನಡುವೆ ಗೋದಿಯ ರಾಶಿ, ಅದರ ಮೇಲೆ ಪೂಜೆಯ ಹೂವು. ಚಪ್ಪಲಿ ಹೊರಗೆ ಬಿಟ್ಟು ನಾವು ಮೂವರೂ ಕಣದ ತನಕ ಹೋದೆವು. ನಾನು ಅಭ್ಯಾಸದಂತೆ ಅಂಚಿನಲ್ಲಿ ನಿಂತೆ. ಕಾಳಪ್ಪ ಬೀರಪ್ಪನ ತೋಳು ಹಿಡಿದು ರಾಶಿಯ ತನಕ ನಡೆಸಿಕೊಂಡು ಹೋದ. ಆಳುಗಳ ಮಾತು ನಿಂತಿತು. ಗೌಡರು ನೋಡಿದರು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಬೀರಪ್ಪ ಹೇಳಿದ: "ಗೌಡ್ರ, ಅವತ್ತ ನಾ ಒಲ್ಲೆ ಅಂದದ್ದು ನಿಮ್ಮ ಕಾಳ ಅಲ್ರಿ. ಅಂಚಿಗೆ ನಿಂದರೂದ ಒಲ್ಲೆ ಅಂದ್ನಿ. ನಮ್ಮಪ್ಪ ಇಲ್ಲೇ ನಿಂತಿದ್ದ, ಆ ಮಾಸ್ತರ್ರು ನಿಂತಾರಲ್ರಿ, ಅಲ್ಲೇ. ಕಂಬಳಿ ಒಡ್ಡಿಕೊಂಡು."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗೆ ನಿಂತ ನೆಲ ಸುಟ್ಟಂತಾಯಿತು. ಎಲ್ಲಿ ಸರಿಯಬೇಕೋ ತಿಳಿಯದೆ ಅಲ್ಲೇ ನಿಂತೆ.

ಗೌಡರು ನಾನು ನಿಂತ ಜಾಗವನ್ನೇ ನೋಡುತ್ತಿದ್ದರು. "ಬಿಜ್ಜರಗಿ ಕುರಿ ನಿಂಗಪ್ಪ... ಅವನ ಮಗನೇನೋ ನೀ?" ಎಂದರು. ದನಿ ತಗ್ಗಿತ್ತು. ಬೀರಪ್ಪ ಹೂಂ ಎಂದ. "ಎಂಥಾ ಬಂಗಾರದಂಥ ಮನಷ್ಯಾ. ನಮಗ ಯಾರಿಗೂ ಒಳಗ ಬಾ ಅನ್ನೂದ ಹೊಳಿಲಿಲ್ಲಲ್ಲೋ ತಮ್ಮಾ."

ಗೌಡರು ಕೆಟ್ಟವರಾಗಿರಲಿಲ್ಲ. ಯಾರೂ ಅವರಿಗೆ ಆ ಅಂಚನ್ನು ತೋರಿಸಿರಲಿಲ್ಲ, ಅಷ್ಟೇ. ಅವರು ಬಗ್ಗಿ ರಾಶಿಯ ಪಕ್ಕದ ಅಳತೆಯ ಕೊಳಗ ಎತ್ತಿಕೊಂಡು ಬೀರಪ್ಪನ ಕೈಗೆ ಕೊಟ್ಟರು. ರಾಶಿ ಅಳೆಯುವುದನ್ನು ಮನೆಯವರಲ್ಲದವರ ಕೈಗೆ ಕೊಡುವುದಿಲ್ಲ. ಕಾಳಪ್ಪನಿಗೇ ಕಣ್ಣು ದೊಡ್ಡದಾಯಿತು.

"ನೀ ಇಂಜನ್ ರಿಪೇರಿ ಮಾಡಿ ನೀರು ಹರಸಿದ್ದಕ್ಕ ಇದು ರಾಶಿ ಆಗೈತಿ. ನೀನ ಅಳಿ."

ಬೀರಪ್ಪ ಕೊಳಗ ತುಂಬಿ ಎತ್ತಿದ.

"ಲಾಭ" ಎಂದ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಎಂಜಿನ್ನಿನ ಕೆಲಸಕ್ಕೆ ಕೆಲಸವಾದ ಕೂಡಲೇ ನಗದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಮರ್ಯಾದೆಗೆ ಒಂದು ಬೊಗಸೆ ಕಾಳು: ಹೀಗೆಂದು ಗೌಡರು ಅಲ್ಲೇ ಎಲ್ಲರ ಮುಂದೆ ಹೇಳಿದರು. ಮರುದಿನ ಅಂಗಡಿಯ ಬೀಗ ತೆರೆಯಿತು. ವಾರದೊಳಗೆ ಎಂಜಿನ್ನುಗಳು ಬಸ್ಸು ಹತ್ತುವುದನ್ನು ನಿಲ್ಲಿಸಿದವು. ಒಂದೆರಡು ವರ್ಷಗಳಲ್ಲಿ ಕಾಳಪ್ಪನ ಮಗ ಮೋನಪ್ಪನೂ ಅಲ್ಲೇ ಸೇರಿಕೊಂಡ. ಇಬ್ಬರೂ ಕೂಡಿ ಲೇಥ್ ಯಂತ್ರ ತಂದರು. ನಟ್ಟು ಎಣಿಸುವಾಗ ಮೋನಪ್ಪನೂ ಲಾಭ ಎನ್ನುತ್ತಿದ್ದ. ಉಸ್ತಾದರು ಒಮ್ಮೆ ನೋಡಲು ಬಂದವರು ಇಬ್ಬಿಬ್ಬರ ಬಾಯಲ್ಲಿ ಅದನ್ನು ಕೇಳಿ ತಲೆ ತಲೆ ಬಡಿದುಕೊಂಡು ನಕ್ಕರು. ದೊಡ್ಡ ಸಾಹೇಬರು ಬೊಗಸೆ ಕಾಳಿನ ಸುದ್ದಿ ಕೇಳಿ ಮೊದಲು ಸಿಟ್ಟಾದರು. "ಮತ್ತೆ ಅದೇ ಆಯವೇನ್ರೀ?" ಎಂದರು. ನಾನು ಕಣದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು. ಆ ವಿಷಯದ ಮೇಲೆ ಮುಂದೆ ಎಂದೂ ಭಾಷಣ ಮಾಡಲಿಲ್ಲ.

ನನ್ನ ಕೆಲಸದ ರೀತಿಯೂ ಬದಲಾಯಿತು. ಬಬಲೇಶ್ವರದಲ್ಲಿ ಬಡಿಗತನ ಕಲಿತ ಒಬ್ಬ ಹುಡುಗನಿಗೆ ಅಂಗಡಿ ಹಾಕಿಸುವ ಮೊದಲು, ಊರಿನ ಹಳೆಯ ಬಡಿಗನ ಮನೆಗೆ ಅವನನ್ನು ಕರೆದುಕೊಂಡು ಹೋಗಿ ಚಹಾ ಕುಡಿದು ಬಂದೆ. ಟೇಪು ಕತ್ತರಿಸಿದವನು ಆ ಮುದುಕನೇ. ನಿಮಗೆ ಹೇಳುವುದಿಷ್ಟು, ತಮ್ಮಂದಿರಾ, ತಂಗಿಯರಾ: ಕಸುಬು ಕಲಿಸುವುದು ಅರ್ಧ ಕೆಲಸ. ಕಲಿತವನು ಆ ಊರಿನಲ್ಲಿ ಎಲ್ಲಿ ನಿಲ್ಲುತ್ತಾನೆ ಎಂದು ಹೋಗಿ ನೋಡಿ. ಕುರ್ಚಿಯಲ್ಲಿ ಕೂತರೆ ಅದು ಕಾಣುವುದಿಲ್ಲ.

ರಾಶಿಯ ದಿನದ ಸಂಜೆಯದೊಂದು ಉಳಿದಿದೆ. ಬೀರಪ್ಪ ಬೊಗಸೆ ಗೋದಿಯನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು, ನನ್ನನ್ನು ಬಿಡದೆ ಬಿಜ್ಜರಗಿಗೆ ಕರೆದುಕೊಂಡು ಹೋದ. ಲಗಮವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಗಂಟು ಬಿಚ್ಚಿ ನೋಡಿದಳು. ಎಷ್ಟು ಎಂದು ಕೇಳಲಿಲ್ಲ, ಯಾರು ಕೊಟ್ಟರು ಎಂದೂ ಕೇಳಲಿಲ್ಲ.

"ಎಲ್ಲಿ ನಿಂತಿದ್ದೆಪಾ?" ಎಂದಳು.

"ನಡುವ ನಿಂತಿದ್ನೆವ್ವಾ. ರಾಶಿ ನಾನ ಅಳದ್ನಿ."

ಲಗಮವ್ವ ಎದ್ದು ಒಳಗೆ ಹೋದಳು. ಗೂಟಕ್ಕೆ ತೂಗುಹಾಕಿದ್ದ ಗಂಡನ ಹಳೆಯ ಕಂಬಳಿಯನ್ನು ತಂದು, ಜಾಡಿಸಿ, ಅಂಗಳದ ನಡುವೆ ಹಾಸಿದಳು.

"ಕಾಳ ಇದರಾಗ ಸುರುವು" ಎಂದಳು.